ಜನರ ಕಟ್ಟಡ ಕಟ್ಟುವವರಿಗೆ ಏಳು ಸೂತ್ರಗಳು

ಗ್ರಂಥಾಲಯವೋ ತಾಲ್ಲೂಕು ಕಚೇರಿಯೋ ರಂಗಮಂದಿರವೋ, ಕೆಲಸ ಕೈಗೆ ಬಂದ ಕೂಡಲೇ ಮುಂಭಾಗದ ಚಂದದ ಚಿತ್ರ ಬರೆಯುವುದು ನಮ್ಮಲ್ಲಿ ರೂಢಿ. ಅದನ್ನು ಕೊನೆಗಿಡಿ. ಬೆಳಕು ಎಲ್ಲಿಂದ ಬರಬೇಕು, ಜನ ಹೇಗೆ ನಡೆಯಬೇಕು, ಆ ಜಾಗ ಊರಿಗೆ ಏನಾಗಬೇಕು ಎಂಬ ಮೂರನ್ನೂ ನಕ್ಷೆಯ ಮೊದಲ ಗೆರೆಯಲ್ಲೇ ಒಟ್ಟಿಗೆ ಬಿಡಿಸಬೇಕು.

1. ನಿಮ್ಮ ಊರಿನ ಸೂರ್ಯನನ್ನು ಓದಿ
ಉತ್ತರದ ಕಿಟಕಿಗೆ ಬಿಸಿಲಿನ ಕಾಟವಿಲ್ಲ ಎಂಬುದು ಯುರೋಪಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರದ ಕಿಟಕಿಗೂ ಸಜ್ಜಾ ಬೇಕು. ಪಶ್ಚಿಮದ ಇಳಿಬಿಸಿಲು ಮಾತ್ರ ಸಜ್ಜಾಕ್ಕೂ ಜಗ್ಗುವುದಿಲ್ಲ. ಆ ಬದಿಗೆ ಮೆಟ್ಟಿಲು, ಶೌಚಾಲಯ, ದಾಸ್ತಾನು ಕೋಣೆ ಹೋಗಲಿ. ಓದುವ ಕೋಣೆ ಬೇಡ.

2. ಬಿಸಿಲು ಹೊರಗಿರಲಿ, ಬೆಳಕು ಒಳಗೆ ಬರಲಿ
ಅಮೆರಿಕದ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಲೂಯಿ ಕಾನ್ ವಿನ್ಯಾಸಗೊಳಿಸಿದ ಕಿಂಬೆಲ್ ಕಲಾ ಸಂಗ್ರಹಾಲಯ 1972ರಲ್ಲಿ ತೆರೆಯಿತು. ಅಲ್ಲಿನ ಕಾಂಕ್ರೀಟ್ ಕಮಾನು ಚಾವಣಿಗಳ ನೆತ್ತಿಯಲ್ಲಿ ಉದ್ದಕ್ಕೂ ಸಣ್ಣ ಸೀಳು ಇದೆ. ಅದರ ಕೆಳಗೆ ತೂತುಗಳಿರುವ ಅಲ್ಯೂಮಿನಿಯಂ ಹಾಳೆ. ಸೀಳಿನಿಂದ ಇಳಿದ ಬಿಸಿಲು ಹಾಳೆಗೆ ತಾಗಿ ಮೇಲಕ್ಕೆ ಚಿಮ್ಮಿ, ಕಮಾನಿನ ಒಳಮೈ ತುಂಬಾ ಹರಡಿ, ಆಮೇಲೆ ಚಿತ್ರಗಳ ಮೇಲೆ ಬೀಳುತ್ತದೆ. ಕಾಂಕ್ರೀಟು ಬೆಳ್ಳಿಯ ಹಾಗೆ ಹೊಳೆಯುತ್ತದೆ. ನಮ್ಮ ಹಳೆಯ ಮನೆಗಳ ಬೆಳಕಿಂಡಿಯನ್ನೂ ಹೀಗೆ ಗೋಡೆಗೆ ಬೆಳಕು ತಾಗಿಸುವಂತೆ ಇಡಬಹುದು. ಖರ್ಚು ಹೆಚ್ಚೇನಿಲ್ಲ.

3. ಓಣಿಯನ್ನು ಉಳಿದ ಜಾಗವೆಂದು ನೋಡಬೇಡಿ
ಇದಕ್ಕೆ ಪಾಠ ಬೆಂಗಳೂರಿನಲ್ಲೇ ಇದೆ. ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ವಿನ್ಯಾಸ ಮಾಡಿದ ಬಾಲಕೃಷ್ಣ ದೋಶಿ ಫತೇಪುರ್ ಸಿಕ್ರಿಯ ಅಂಗಳಗಳನ್ನೂ ಮದುರೆಯ ದೇವಾಲಯದ ಪ್ರಾಕಾರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಒರಟು ಕಗ್ಗಲ್ಲಿನ ಗೋಡೆಗಳ ನಡುವೆ ಓಣಿಗಳು ಎತ್ತರಕ್ಕೆ ಏರುತ್ತವೆ; ಮೇಲೆ ಒಂದು ಕಡೆ ಚಾವಣಿ, ಇನ್ನೊಂದು ಕಡೆ ಬರೀ ತೊಲೆಗಳ ಚಪ್ಪರ, ಮತ್ತೊಂದು ಕಡೆ ಆಕಾಶ. ತರಗತಿಯಿಂದ ಗ್ರಂಥಾಲಯಕ್ಕೆ ಹೋಗುವಾಗ ಬಿಸಿಲು, ನೆರಳು, ಬಿಸಿಲು. ಹೊತ್ತು ಬದಲಾದಂತೆ ಅದೇ ಓಣಿ ಬೇರೆಯಾಗುತ್ತದೆ. ಪಕ್ಕದಲ್ಲಿ ಕೂರಲು ಜಾಗಗಳಿವೆ, ಪಾಠ ಮುಗಿದ ಮೇಲಿನ ಚರ್ಚೆ ಅಲ್ಲೇ ಮುಂದುವರಿಯಲಿ ಎಂದು. ‘ತ್ರೀ ಈಡಿಯಟ್ಸ್’ ಚಿತ್ರದ ಕಾಲೇಜಾಗಿ ದೇಶವೆಲ್ಲ ಇದನ್ನು ನೋಡಿದೆ, ಕಟ್ಟಿದವರ ಹೆಸರು ತಿಳಿಯದೆಯೇ. ದೋಶಿಯವರು 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ.

ಅಂದಾಜು ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಓಣಿಯ ಅಗಲಕ್ಕೇ. ಬಿಟ್ಟುಕೊಡಬೇಡಿ.

4. ಇಳಿಜಾರು ದಾರಿ ಎಲ್ಲರ ದಾರಿಯಾಗಲಿ
ಗಾಲಿಕುರ್ಚಿಗೆ 12 ಅಡಿ ಉದ್ದಕ್ಕೆ 1 ಅಡಿ ಏರಿಕೆ, ಅದಕ್ಕಿಂತ ಕಡಿದಾಗಬಾರದು. ಒಂದೂವರೆ ಅಡಿ ಎತ್ತರದ ತಳಪಾಯಕ್ಕೆ 18 ಅಡಿ ಇಳಿಜಾರು ಬೇಕು. ಕೊನೆಗೆ ನೆನಪಾದರೆ ಅದು ಕಟ್ಟಡದ ಹಿಂಬದಿಗೆ, ಜನರೇಟರ್ ಪಕ್ಕಕ್ಕೆ ಹೋಗುತ್ತದೆ. ಮುಂಬಾಗಿಲಿಗೆ ಎಲ್ಲರೂ ಒಂದೇ ದಾರಿಯಲ್ಲಿ ಬರಬೇಕು. ಈ ಮಾತಿನಲ್ಲಿ ರಾಜಿ ಇಲ್ಲ.

5. ಪರಂಪರೆಯನ್ನು ಕೆಲಸಕ್ಕೆ ಹಚ್ಚಿ
1117ರ ಬೇಲೂರು ಚೆನ್ನಕೇಶವ ದೇಗುಲದ ಮಂಟಪ ಮೊದಲು ತೆರೆದೇ ಇತ್ತು. ಕಲ್ಲಿನ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಕೆಲವಲ್ಲಿ ರೇಖಾವಿನ್ಯಾಸ, ಕೆಲವಲ್ಲಿ ಪುರಾಣದ ಕಥೆ. ಬಿಸಿಲನ್ನು ತಡೆದು, ಗಾಳಿಯನ್ನು ಬಿಟ್ಟು, ಕಥೆಯನ್ನೂ ಹೇಳುವ ಕಲ್ಲು ಅದು. ಇಂದು ಹೊಯ್ಸಳ ಶೈಲಿ ಎಂದು ಗಾಜಿನ ಕಟ್ಟಡದ ಮುಂದೆ ಸಿಮೆಂಟಿನ ಕಂಬ ನಿಲ್ಲಿಸುತ್ತೇವಲ್ಲ, ಆ ಕಂಬ ಏನನ್ನೂ ಹೊರುವುದಿಲ್ಲ. ಅದೇ ದುಡ್ಡಿನಲ್ಲಿ ಜಾಲಂಧ್ರ ಹಾಕಿಸಿ.

6. ಅರ್ಥ ನಕ್ಷೆಯಲ್ಲಿ ಹುಟ್ಟಲಿ
ಚಾರ್ಲ್ಸ್ ಕೊರಿಯಾ ಜೈಪುರದ ಜವಾಹರ ಕಲಾ ಕೇಂದ್ರವನ್ನು ನವಗ್ರಹಗಳ ಒಂಬತ್ತು ಚೌಕಗಳಾಗಿ ರಚಿಸಿದರು. ಒಂದು ಚೌಕವನ್ನು ಮಾತ್ರ ಸಾಲಿನಿಂದ ಹೊರಳಿಸಿ ಅಲ್ಲೇ ಪ್ರವೇಶ ಇಟ್ಟರು. ಮಹಾರಾಜ ಜಯಸಿಂಹನ ಮೂಲ ನಗರದಲ್ಲೂ ಬೆಟ್ಟ ಅಡ್ಡ ಬಂದು ಒಂದು ಚೌಕ ಜರುಗಿತ್ತು. ನಡುವಿನ ಸೂರ್ಯನ ಚೌಕದಲ್ಲಿ ಕಟ್ಟಡವಿಲ್ಲ, ಮೆಟ್ಟಿಲುಗಳ ತೆರೆದ ಅಂಗಳವಿದೆ. ಜ್ಯೋತಿಷ ಗೊತ್ತಿಲ್ಲದವರಿಗೂ ತಾವು ನಡುಮಧ್ಯಕ್ಕೆ ಬಂದೆವೆಂದು ಗೊತ್ತಾಗುತ್ತದೆ. ಗ್ರಹಗಳನ್ನು ನೀವು ನಂಬಬೇಕಿಲ್ಲ. ಆದರೆ ನೀವು ಕಟ್ಟುವ ಊರಿನ ಕೆರೆ, ಜಾತ್ರೆಯ ದಾರಿ, ಸಂತೆಯ ಮೈದಾನ ಎಲ್ಲಿವೆ ಎಂದು ತಿಳಿಯದೆ ಪೆನ್ಸಿಲ್ ಹಿಡಿಯಬೇಡಿ.

7. ರಟ್ಟಿನ ಮಾದರಿ ಮಾಡಿ ಬಿಸಿಲಿಗೆ ಹಿಡಿಯಿರಿ
ಬೆಳಕಿಗೆ ಸಣ್ಣದು ದೊಡ್ಡದೆಂಬ ಭೇದವಿಲ್ಲ. ಗೋಡೆಯ ಬಣ್ಣ, ಕಿಟಕಿಯ ಪ್ರಮಾಣ ಸರಿಯಿದ್ದರೆ ಅಂಗೈ ಅಗಲದ ಕೋಣೆಯೊಳಗೂ ನಿಜವಾದ ಕೋಣೆಯ ಬೆಳಕೇ ಕಾಣುತ್ತದೆ. ಇಲಾಖೆಯ ಸಭೆಗೆ ಕಂಪ್ಯೂಟರ್ ಚಿತ್ರಗಳ ಜೊತೆ ಇದನ್ನೂ ಒಯ್ಯಿರಿ. ಅಧಿಕಾರಿಗಳನ್ನು ಅಂಗಳಕ್ಕೆ ಕರೆದು, ಮಾದರಿಯ ಬಾಗಿಲಿಂದ ಒಳಗೆ ಇಣುಕಿ ನೋಡಲು ಹೇಳಿ. ಬೆಳಕಿಂಡಿಯ ಹಣ ಕಡಿತವಾಗದಂತೆ ತಡೆಯಲು ಇದಕ್ಕಿಂತ ಬಲವಾದ ವಾದ ನನಗೆ ಗೊತ್ತಿಲ್ಲ.