ಕಿವಿಮೊರೆತ ಎಷ್ಟು ಜೋರು? ಅಳೆಸಿಕೊಳ್ಳುವುದು ಹೀಗೆ

ತುಮಕೂರು ಜಿಲ್ಲೆಯ ಕಂದಿಕೆರೆ ಸುತ್ತಿನ ತೋಟದ ಮನೆಗಳಲ್ಲಿ ರಾತ್ರಿ ಪಂಪ್‌ಸೆಟ್ ನಿಂತ ಮೇಲೂ ಕೆಲವರಿಗೆ ಕಿವಿಯೊಳಗೆ ಗುಂಯ್ ಅನ್ನುವುದು ನಿಲ್ಲುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೂ ಕೇಳದ ಈ ಸದ್ದನ್ನು ಅಳೆಯಲು ಕ್ರಮವಿದೆ.

ಮೊದಲು ಮನೆಯಲ್ಲಿ. ಬೆಳಿಗ್ಗೆ, ಸಂಜೆ, ಮಲಗುವಾಗ ನೋಟ್‌ಬುಕ್ಕಿನಲ್ಲಿ ಸೊನ್ನೆಯಿಂದ ಹತ್ತರೊಳಗೆ ಎರಡು ಅಂಕ ಬರೆಯಿರಿ: ಸದ್ದು ಎಷ್ಟು ಜೋರು, ಅದರ ಕಾಟ ಎಷ್ಟು. ಎರಡನ್ನೂ ಬೆರೆಸಬೇಡಿ. ಯಾವ ಕಿವಿ, ನಿದ್ದೆ ಹೇಗಿತ್ತು, ಅಂದು ಕಾಯಿ ಸುಲಿಯುವ ಯಂತ್ರದ ಪಕ್ಕವೋ ನಾರಿನ ಫ್ಯಾಕ್ಟರಿಯಲ್ಲೋ ಇದ್ದಿರಾ, ಹೊಸ ಮಾತ್ರೆ ನುಂಗಿದಿರಾ ಎಂಬುದೂ ಇರಲಿ. ಒಂದು ವಾರ ಸಾಕು. ದಿನವಿಡೀ ಅದಕ್ಕೇ ಕಿವಿಗೊಟ್ಟು ಕೂತರೆ ಸದ್ದು ಇನ್ನಷ್ಟು ಕಾಡುತ್ತದೆ.

ದಿಢೀರನೆ ಕಿವಿ ಕೇಳದಂತಾದರೆ ಮಾತ್ರ ಈ ಬರವಣಿಗೆಯೆಲ್ಲ ಬಿಟ್ಟು ಅಂದೇ ಡಾಕ್ಟರ ಬಳಿ ಓಡಿ. ಒಂದೇ ಕಿವಿಯಲ್ಲಿ ಮೊರೆತ, ನಾಡಿ ಬಡಿತದ ಜೊತೆ ಬಡಿಯುವ ಸದ್ದು, ತಲೆಸುತ್ತು ಇದ್ದರೂ ತಡಮಾಡಬೇಡಿ.

ವಾರದ ಬರವಣಿಗೆ ಮುಗಿದ ಮೇಲೆ ಕಿವಿ-ಮೂಗು-ಗಂಟಲು ತಜ್ಞರು. ಎಷ್ಟೋ ಸಲ ಗುಗ್ಗೆ ತೆಗೆದರೇ ಮೊರೆತ ಇಳಿಯುತ್ತದೆ. ತೋರಿಸುವ ಮುಂಚೆ ಕೊಬ್ಬರಿ ಎಣ್ಣೆ ಕಾಯಿಸಿ ಬಿಡಬೇಡಿ. ಎಣ್ಣೆಗೆ ಬರವಿಲ್ಲದ ಸೀಮೆ ನಮ್ಮದು, ನಿಜ. ಆದರೆ ಕಿವಿತಮಟೆ ತೂತಾಗಿದ್ದರೆ ಕಷ್ಟ.

ಯಂತ್ರದಲ್ಲಿ ಅಳೆಯುವವರು ಆಡಿಯಾಲಜಿಸ್ಟ್. ತುಮಕೂರಿಗೆ ಹೋಗುವುದಾದರೆ ‘ಟಿನಿಟಸ್ ಮ್ಯಾಚಿಂಗ್ (ಮೊರೆತದ ಅಳತೆ) ಮಾಡ್ತೀರಾ?’ ಎಂದು ಮೊದಲೇ ಫೋನಿನಲ್ಲಿ ಕೇಳಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಶ್ರವಣ ಪರೀಕ್ಷೆಯ ನಂತರ ಹೆಡ್‌ಫೋನಿನಲ್ಲಿ ಬೇರೆಬೇರೆ ಸ್ವರ ಕೇಳಿಸಿ, ನಿಮ್ಮ ಸದ್ದನ್ನು ಹೋಲುವುದು ಯಾವುದೆಂದು ಕೇಳುತ್ತಾರೆ. ಆ ಸ್ವರವನ್ನು ಕೇಳಿಸದ ಮಟ್ಟದಿಂದ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಮೊದಲು ಕೇಳಿಸಿದ್ದೆಲ್ಲಿ, ಮೊರೆತಕ್ಕೆ ಸಮವಾದದ್ದೆಲ್ಲಿ ಎಂಬುದರ ನಡುವಿನ ಅಂತರವೇ ಜೋರಿನ ಅಳತೆ. ಅವಸರದಲ್ಲಿ ‘ಹ್ಞೂಂ’ ಅನ್ನಬೇಡಿ, ಇನ್ನೊಮ್ಮೆ ಹಾಕಿಸಿಕೊಳ್ಳಿ.

ಬರುವ ಅಂಕಿ ನೋಡಿ ಬೆಚ್ಚುವವರೇ ಹೆಚ್ಚು: ಬಹಳ ಸಲ ಐದೋ ಹತ್ತೋ ಡೆಸಿಬೆಲ್ ಅಷ್ಟೇ! ‘ಇಷ್ಟಕ್ಕೇ ನಿದ್ದೆ ಬರಲ್ವಾ ಅಜ್ಜಾ?’ ಎಂದು ಮೊಮ್ಮಕ್ಕಳು ನಗುವುದುಂಟು. ನಗಬಾರದು. ಒಳಗಿವಿ ಕೆಟ್ಟ ಕಡೆ, ಕೇಳತೊಡಗಿದ ಮಟ್ಟಕ್ಕಿಂತ ತುಸು ಏರಿದರೂ ಸದ್ದು ಅಬ್ಬರವಾಗಿ ಕೇಳಬಲ್ಲದು. ಅಂಕಿ ಚಿಕ್ಕದಾದ ಮಾತ್ರಕ್ಕೆ ಸಂಕಟ ಚಿಕ್ಕದಲ್ಲ.

ಸಂಕಟ ಅಳೆಯಲು ಬೇರೆಯೇ ಪ್ರಶ್ನಾವಳಿಯಿದೆ. 1996ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅದರ ಕನ್ನಡ ರೂಪವೂ 2012ರಲ್ಲಿ ಬಂದಿದೆ, ಕೇಳಿ ಪಡೆಯಿರಿ. ಪ್ರಶ್ನೆ 25; ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ 0. ಒಟ್ಟು 16ರೊಳಗಿದ್ದರೆ ತೀರಾ ಅಲ್ಪ, 58 ಮುಟ್ಟಿದರೆ ತೀವ್ರ. ಹಾಳೆಯ ಮೇಲೆ ತಾರೀಖು ಬರೆದಿಡಿ. ಚಿಕಿತ್ಸೆಯಿಂದ ಗುಣ ಕಂಡಿತೇ ಎಂದು ನೋಡಲು ಮುಂದೆ ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಬೇಕಾಗುತ್ತದೆ.