ಪುಷ್ಯ ಮಾಸದ ಕಾಫಿ ತೋಟ: ಹಕ್ಕಲು ಕಾಯಿ ಆಯುವುದನ್ನು ಮರೆಯಬಾರದು

ಚಿಕ್ಕಮಗಳೂರಿನ ಗಿರಿಸಾಲಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತ ಬರುವಾಗ ಮೂಡಿಗೆರೆ, ಕಳಸಗಳ ಕಡೆ ರೋಬಸ್ಟಾ ಹಣ್ಣಾಗುತ್ತಿರುತ್ತದೆ. ಅಡಿಕೆ ಕೊಯ್ಲಿಗೂ ಇದೇ ಹೊತ್ತು. ಆಳುಗಳ ಅಭಾವದಿಂದಾಗಿ, ಗಿಡದ ಹಣ್ಣು ಕಣ ಸೇರಿದರೆ ಸಾಕೆಂದು ನೆಲಕ್ಕೆ ಉದುರಿದ ಕಾಯಿಯನ್ನು ಅಲ್ಲಿಯೇ ಬಿಡುವ ಬೆಳೆಗಾರರು ಅನೇಕರು. ಹಕ್ಕಲು ಆಯುವ ಕೂಲಿ, ಸಿಕ್ಕ ಕಾಯಿಯ ಬೆಲೆಗಿಂತ ಹೆಚ್ಚಾಗುತ್ತದೆಂಬುದು ಅವರ ಲೆಕ್ಕ. ಈ ವರ್ಷದ ಮಟ್ಟಿಗೆ ಲೆಕ್ಕ ಸರಿಯಿರಬಹುದು. ಆದರೆ ಆ ಕೂಲಿಯನ್ನು ಮುಂದಿನ ಫಸಲಿನ ಖರ್ಚಿಗೆ ಸೇರಿಸಬೇಕು.

ಕಾಯಿಕೊರಕ ಕೀಟವು ಭಾರತದಲ್ಲಿ ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎಳ್ಳುಕಾಳಿಗಿಂತಲೂ ಚಿಕ್ಕದಾದ ಈ ಕಪ್ಪು ದುಂಬಿಯ ಹೆಣ್ಣು, ಕಾಯಿಯ ಹೊಕ್ಕುಳ ಭಾಗದಲ್ಲಿ ಸೂಜಿಮೊನೆಯಷ್ಟು ರಂಧ್ರ ಕೊರೆದು ಬೀಜದೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಕೊಯ್ಲಿನ ನಂತರ ಹೊಸ ಕಾಯಿ ಕಟ್ಟುವವರೆಗೆ ಇದಕ್ಕೆ ಗಿಡದ ಮೇಲೂ ನೆಲದ ಮೇಲೂ ಉಳಿದ ಕಾಯಿಗಳೇ ಆಸರೆ. ಒಂದೇ ಒಣಕಾಯಿಯಲ್ಲಿ ಹತ್ತಾರು ದುಂಬಿಗಳು ಅಡಗಿರಬಲ್ಲವು. ಬೇಸಿಗೆಯ ಮಳೆ ಬಿದ್ದು ತೇವವಾದೊಡನೆ ಹೊರಬಿದ್ದು ಹೊಸ ಕಾಯಿಯನ್ನು ಹುಡುಕುತ್ತವೆ.

ಆದುದರಿಂದ ಕೊಯ್ಯುವಾಗಲೇ ಗಿಡದ ಬುಡಕ್ಕೆ ಚಾಪೆ ಅಥವಾ ಹಾಳೆ ಹಾಸುವುದು ಲೇಸು. ತರಗೆಲೆಯಲ್ಲಿ ಕಾಯಿ ಹುಡುಕುವ ಶ್ರಮ ಅರ್ಧಕ್ಕರ್ಧ ಉಳಿಯುತ್ತದೆ. ಕಡೆಯ ಕೊಯ್ಲಿನಲ್ಲಿ ಹಸಿರು, ಕಪ್ಪು ಎಂದು ನೋಡದೆ ಎಲ್ಲ ಕಾಯಿಯನ್ನೂ ಬಿಡಿಸಬೇಕು. ನೆರಳುಮರದ ಸಂದಿಯಲ್ಲಿ, ಬೇಲಿಯಂಚಿನಲ್ಲಿ ತಾನಾಗಿ ಬೆಳೆದ ಗಿಡಗಳನ್ನೂ ಮರೆಯಬಾರದು. ಕೀಟ ತಗುಲಿದ ಕಾಯಿಗಳನ್ನು ಬೇರ್ಪಡಿಸಿ, ಕುದಿಯುವ ನೀರಿನಲ್ಲಿ 2-3 ನಿಮಿಷ ಅದ್ದಿ ಒಣಗಿಸಬೇಕು. ಗೊಬ್ಬರದ ಗುಂಡಿಗೆ ಹಾಗೆಯೇ ಎಸೆದರೆ ಕೀಟ ಸಾಯುವುದಿಲ್ಲ.

ಕಣದಲ್ಲಿಯೂ ಎಚ್ಚರ ಬೇಕು. ಸರಿಯಾಗಿ ಒಣಗಿದ ಬೀಜದಲ್ಲಿ ಈ ಕೀಟದ ಸಂತಾನ ಬೆಳೆಯಲಾರದು. ತೇವಾಂಶವು ಅರೇಬಿಕಾ ಪಾರ್ಚ್‌ಮೆಂಟಿನಲ್ಲಿ ಶೇಕಡ 10, ಅರೇಬಿಕಾ ಚೆರಿಯಲ್ಲಿ 10.5, ರೋಬಸ್ಟಾ ಚೆರಿಯಲ್ಲಿ 11ಕ್ಕೆ ಇಳಿಯಬೇಕು. ಪುಷ್ಯದ ಇಬ್ಬನಿ ಕಡಿಮೆಯದಲ್ಲ. ಸಂಜೆ ಕಾಫಿಯನ್ನು ರಾಶಿಮಾಡಿ ಮುಚ್ಚದಿದ್ದರೆ ಹಗಲಿನ ಬಿಸಿಲು ದಂಡವಾಗುತ್ತದೆ.

ಅರೇಬಿಕಾ ಕೊಯ್ಯುವವರ ಕೈಗೆ ಒಂದಿಷ್ಟು ಬಟ್ಟೆಯ ಚೂರು ಕೊಟ್ಟಿದ್ದರೆ ಇನ್ನೊಂದು ಕೆಲಸವೂ ಆಗುತ್ತದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದ ಗಿಡ ಕಂಡಲ್ಲಿ ಗುರುತು ಕಟ್ಟಲಿ. ಅದು ಬಿಳಿ ಕಾಂಡಕೊರಕದ ಲಕ್ಷಣ. ಅಂತಹ ಗಿಡಗಳನ್ನು ಏಪ್ರಿಲ್‌ನಲ್ಲಿ ದುಂಬಿ ಹಾರಾಟ ಪ್ರಾರಂಭವಾಗುವ ಮುನ್ನವೇ ಕಿತ್ತು ಸುಡಬೇಕು. ಸೌದೆಗೆಂದು ಒಟ್ಟಿಟ್ಟರೆ ಆ ಕಾಂಡಗಳಿಂದಲೇ ದುಂಬಿಗಳು ಹೊರಬರುತ್ತವೆ.