ಅರ್ಧಾಯು ಪಾಠಕ್ಕೆ ಆಸ್ಪತ್ರೆಯ ಲೆಕ್ಕ

ತರಗತಿ: ದ್ವಿತೀಯ ಪಿಯುಸಿ. ಅವಧಿ: 45 ನಿಮಿಷ. ಪೂರ್ವಜ್ಞಾನ: ಐಸೋಟೋಪ್, ಗಾಮಾ ಕಿರಣ, ವರ್ಗಮೂಲ.

ಅರ್ಧಾಯುವಿನ ವ್ಯಾಖ್ಯೆಯನ್ನು ವಿದ್ಯಾರ್ಥಿಗಳು ಬೇಗ ಬಾಯಿಪಾಠ ಮಾಡುತ್ತಾರೆ. ಅದನ್ನು ದಿನವೂ ಬಳಸುವವರು ಯಾರು ಎಂದು ಕೇಳಿದರೆ ಅಣುಸ್ಥಾವರ, ಬಾಂಬು ಎನ್ನುತ್ತಾರೆ. ಅದಕ್ಕೇ ಈ ಪಾಠಕ್ಕೆ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಹಿರಿಯ ಭೌತವಿಜ್ಞಾನಿಯ ಕೆಲಸವನ್ನು ಆರಿಸಿಕೊಂಡೆ. ಇವರು ವೈದ್ಯರಲ್ಲ, ಭೌತಶಾಸ್ತ್ರ ಓದಿದವರು. ರೋಗಿಗೆ ಕೊಡುವ ವಿಕಿರಣಪಟು ವಸ್ತುವಿನ ಅಳತೆ, ಗಾಮಾ ಕ್ಯಾಮೆರಾದ ಪರೀಕ್ಷೆ, ಸಿಬ್ಬಂದಿ ಧರಿಸುವ ಟಿಎಲ್‌ಡಿ ಬ್ಯಾಡ್ಜಿನ ಲೆಕ್ಕ ಇವೆಲ್ಲ ಇವರ ಹೊಣೆ.

ಇಲ್ಲಿ ಹೆಚ್ಚು ಬಳಕೆಯಾಗುವುದು ಟೆಕ್ನೀಷಿಯಂ-99ಎಂ. ಅರ್ಧಾಯು 6 ಗಂಟೆ. ಇದು ಮಾಲಿಬ್ಡಿನಂ-99ರಿಂದ ಹುಟ್ಟುತ್ತದೆ. ಅದರ ಅರ್ಧಾಯು 66 ಗಂಟೆ. ಸೀಸದ ಕವಚದೊಳಗಿನ ಜನರೇಟರಿಗೆ ಲವಣದ್ರಾವಣ ಹಾಯಿಸಿದರೆ ಟೆಕ್ನೀಷಿಯಂ ಹೊರಬರುತ್ತದೆ, ಮಾಲಿಬ್ಡಿನಂ ಒಳಗೇ ಉಳಿಯುತ್ತದೆ. ಈ ವೃತ್ತಿಯವರು ಜನರೇಟರನ್ನು ‘ಹಸು’ ಎಂದೂ ಈ ಕೆಲಸವನ್ನು ‘ಹಾಲು ಕರೆಯುವುದು’ ಎಂದೂ ಹೇಳುವುದುಂಟು. ಕರೆದ ಮೇಲೆ ಕೆಚ್ಚಲು ಮತ್ತೆ ತುಂಬಲು ಇಲ್ಲಿ ಸುಮಾರು ಒಂದು ದಿನ ಬೇಕು. ಹಳ್ಳಿಯಿಂದ ಬರುವ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಮೂಳೆ ಸ್ಕ್ಯಾನಿಗೆ 20 ಮಿಲಿಕ್ಯೂರಿ ಚುಚ್ಚುಮದ್ದು ಕೊಟ್ಟು, ಸುಮಾರು 3 ಗಂಟೆ ಕಾಯಿಸಿ ಚಿತ್ರ ತೆಗೆಯುತ್ತಾರೆ. ಮೂತ್ರದಲ್ಲಿ ಹೋಗುವುದನ್ನು ಬಿಟ್ಟರೆ, 3 ಗಂಟೆಗೆ ಎಷ್ಟು ಉಳಿದಿರುತ್ತದೆ? ತರಗತಿಯಲ್ಲಿ ಹೆಚ್ಚಿನವರ ಉತ್ತರ 15. ಆರು ಗಂಟೆಗೆ 10 ಹೋದರೆ ಮೂರು ಗಂಟೆಗೆ 5 ಹೋಗುತ್ತದೆ ಎಂಬ ತರ್ಕ. ಅದನ್ನು ಹಲಗೆಯ ಮೇಲೆ ಹಾಗೆಯೇ ಬರೆದು ಮುಂದುವರಿಸಲು ಹೇಳಿದೆ. ಮೂರು ಗಂಟೆಯಲ್ಲಿ ಮುಕ್ಕಾಲು ಭಾಗ ಉಳಿಯುವುದಾದರೆ, ಮುಂದಿನ ಮೂರು ಗಂಟೆಯಲ್ಲಿ 15ರ ಮುಕ್ಕಾಲು, ಅಂದರೆ 11.25 ಉಳಿಯಬೇಕು. ಆದರೆ ಆಗ 10 ಇರಬೇಕಲ್ಲ? ಹಾಗಾದರೆ ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಅರ್ಧ ಬರುತ್ತದೆ? ಹಿಂದಿನ ಬೆಂಚಿನಿಂದ 0.707 ಎಂಬ ಉತ್ತರ ಬಂತು. 20ನ್ನು ಅದರಿಂದ ಗುಣಿಸಿದರೆ 14.1. ಸೂತ್ರವನ್ನು ಇದಾದ ಮೇಲೆ ಬರೆಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

‘ಚುಚ್ಚಿಸಿಕೊಂಡವರು ಮನೆಗೆ ಬಂದರೆ ನಮಗೂ ತಗಲುತ್ತದಾ ಮೇಡಂ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಏನೂ ಇಲ್ಲ ಎಂದು ಹಾರಿಸಬಾರದು. ಅವರ ಮೈಯಿಂದ ಗಾಮಾ ಕಿರಣ ಸ್ವಲ್ಪ ಹೊತ್ತು ಹೊರಬರುವುದು ನಿಜ. ಆದರೆ ಇದು ಅಂಟುರೋಗವಲ್ಲ. 24 ಗಂಟೆಗೆ ಹದಿನಾರನೇ ಒಂದು ಭಾಗವಷ್ಟೇ ಉಳಿಯುತ್ತದೆಂದು ಅವರೇ ಲೆಕ್ಕ ಹಾಕಲಿ.

ಪಾಠದ ಮುಖ್ಯ ಲೆಕ್ಕ ಇನ್ನು ಮುಂದಿನದು. ಕರೆದ ದ್ರಾವಣದೊಳಗೆ ಮಾಲಿಬ್ಡಿನಂ ಸೋರಿದೆಯೇ ಎಂದು ಭೌತವಿಜ್ಞಾನಿ ನೋಡಬೇಕು. ಸೋರಿದ್ದರೆ ಚಿತ್ರಕ್ಕೆ ಉಪಯೋಗವಿಲ್ಲದ ವಿಕಿರಣ ರೋಗಿಯ ದೇಹಕ್ಕೆ ಸೇರುತ್ತದೆ. ಚುಚ್ಚುವ ಹೊತ್ತಿನಲ್ಲಿ 1 ಮಿಲಿಕ್ಯೂರಿ ಟೆಕ್ನೀಷಿಯಂಗೆ ಮಾಲಿಬ್ಡಿನಂ 0.15 ಮೈಕ್ರೊಕ್ಯೂರಿ ಮೀರಬಾರದು. ನಾನು ಕೊಟ್ಟ ಲೆಕ್ಕ: ಬೆಳಿಗ್ಗೆ 8ಕ್ಕೆ ಟೆಕ್ನೀಷಿಯಂ 40 ಮಿಲಿಕ್ಯೂರಿ, ಮಾಲಿಬ್ಡಿನಂ 4 ಮೈಕ್ರೊಕ್ಯೂರಿ. ಅನುಪಾತ 0.10, ಬಳಸಬಹುದು. ಇದೇ ಬಾಟಲಿಯನ್ನು ಮಧ್ಯಾಹ್ನ 2ರ ರೋಗಿಗೂ ಬಳಸಬಹುದೇ?

ಎರಡೂ ಕ್ಷಯಿಸುತ್ತವೆ, ಆದ್ದರಿಂದ ದ್ರಾವಣ ಇನ್ನಷ್ಟು ಸುರಕ್ಷಿತ ಎಂದು ಹಲವರು ವಾದಿಸಿದರು. ಲೆಕ್ಕ ಬೇರೆಯೇ ಹೇಳಿತು. 2 ಗಂಟೆಗೆ ಟೆಕ್ನೀಷಿಯಂ 20ಕ್ಕೆ ಇಳಿದಿದೆ, ಮಾಲಿಬ್ಡಿನಂ ಸುಮಾರು 3.76ರಲ್ಲೇ ನಿಂತಿದೆ. ಅನುಪಾತ 0.188, ಮಿತಿ ಮೀರಿದೆ. ಬೆಳಿಗ್ಗೆ ತೇರ್ಗಡೆಯಾದ ಬಾಟಲಿ ಮಧ್ಯಾಹ್ನ ನಪಾಸು! ಆದ್ದರಿಂದ ಬೆಳಗಿನ ಪರೀಕ್ಷೆಯಲ್ಲೇ, ಈ ಬಾಟಲಿ ಎಷ್ಟು ಗಂಟೆಯವರೆಗೆ ಸಲ್ಲುತ್ತದೆ ಎಂಬುದನ್ನೂ ಭೌತವಿಜ್ಞಾನಿ ತೀರ್ಮಾನಿಸಿರಬೇಕು.

ಮನೆಗೆಲಸಕ್ಕೆ ಕೊಟ್ಟದ್ದು: ಗಂಟೆಗೊಂದು ಬಿಂದುವಿನಂತೆ ಅನುಪಾತದ ನಕ್ಷೆ ಬಿಡಿಸಿ, 0.15ರ ಗೆರೆಯನ್ನು ಅದು ದಾಟುವ ಹೊತ್ತನ್ನು ಗುರುತಿಸುವುದು. ನಕ್ಷೆ ಸರಿಯಾಗಿದ್ದರೆ ಮಧ್ಯಾಹ್ನ 12ಕ್ಕೆ ಕೆಲವು ನಿಮಿಷ ಮುಂಚೆ ದಾಟುತ್ತದೆ.